ಬೋಗುಣಿಯ ಕೆಳಗಿನ ಹೂಂ

ಅಥವಾ ಆ ಬೋಗುಣಿ ಸ್ಟೀಲಿನದಲ್ಲ, ಅಲ್ಯುಮಿನಿಯಮ್ಮಿನದೇ ಇದ್ದಿರಬಹುದು. ಅಮ್ಮನ ಬೋಗುಣಿಗಳನ್ನು ನಾನು ಎಂದೂ ಸರಿಯಾಗಿ ನೋಡಿದವನಲ್ಲ. ಸ್ಟೀಲು ಎಂದು ನೆನಪು ಹಟ ಹಿಡಿಯುತ್ತದೆ, ಏಕೆಂದರೆ ಮಾವನ ದನಿ ಅದರೊಳಗಿಂದ ಹೊಳೆಯುತ್ತ ಬರುತ್ತಿತ್ತು ಎಂದು ಅದಕ್ಕೆ ಅನಿಸಿದೆ. ದನಿ ಹೊಳೆಯುವುದಿಲ್ಲ. ತನಗೆ ಬೇಕಾದ ಲೋಹವನ್ನು ನೆನಪು ಆಮೇಲೆ ಎಲ್ಲಿಂದಲೋ ತಂದು ಇಟ್ಟುಕೊಳ್ಳುತ್ತದೆ. ಶನಿವಾರ ಎಂಬುದೂ ಹಾಗೆಯೇ. ನಾನು ಮನೆಯಲ್ಲಿದ್ದೆನಾದ್ದರಿಂದ ಶನಿವಾರ ಇರಬೇಕು. ಇದು ಊಹೆ, ನೆನಪಲ್ಲ.

ಖಚಿತವಾಗಿ ಗೊತ್ತಿರುವಷ್ಟನ್ನು ಮೊದಲು ಇಡುತ್ತೇನೆ. ನಮ್ಮ ಮನೆ ಮರಾಠಿ ಸೀಮೆಯ ಕಲ್ಯಾಣ ಜಂಕ್ಷನ್ನಿನ ಪಕ್ಕದ ಸ್ಟೇಷನ್ನಾದ ಠಾಕುರ್ಲಿಯಲ್ಲಿ, ಹಳಿಗಳ ಕಡೆಗೆ ಮುಖ ಮಾಡಿದ ಕಟ್ಟಡದ ಮೂರನೇ ಮಾಳಿಗೆಯಲ್ಲಿತ್ತು. ಅಮ್ಮ ಉಡುಪಿ ಕಡೆಯವಳು, ಅಪ್ಪ ಧಾರವಾಡ ಕಡೆಯವರು. ಅಮ್ಮನ ಅಣ್ಣ, ನನ್ನ ಮಾವ, ಮಸ್ಕತ್ತಿನ ಒಂದು ಹೋಟೆಲಿನಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಆಕ್ಲೆಂಡಿನಲ್ಲಿ ಮುದುಕರ ಆರೈಕೆಯ ಕೆಲಸದಲ್ಲಿದ್ದಳು. ಮಸ್ಕತ್ತಿನವರೂ ಆಕ್ಲೆಂಡಿನವಳೂ ಮಾತಾಡುವುದು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ನಡೆಯುತ್ತಿತ್ತು.

ಇದಕ್ಕೆ ಎಲ್ಲರೂ ಹೇಳುತ್ತಿದ್ದ ಒಂದು ಕಾರಣವಿತ್ತು, ಯಾರೂ ಹೇಳದ ಇನ್ನೊಂದಿತ್ತು. ಹೇಳುತ್ತಿದ್ದದ್ದು ಇಷ್ಟು: ಆಗ ಮಾವನ ಕಡೆ ವಾಟ್ಸಾಪಿನಲ್ಲಿ ಬರಹ ಹೋಗುತ್ತಿತ್ತು, ಫೋಟೋ ಹೋಗುತ್ತಿತ್ತು, ಕರೆ ಹೋಗುತ್ತಿರಲಿಲ್ಲ. ಅವರು ಮಾಮೂಲಿ ಫೋನಿನಿಂದ ಇಂಡಿಯಾಕ್ಕೆ ಮಾತಾಡಬಲ್ಲರು, ಆಕ್ಲೆಂಡಿಗೆ ಅದು ಕೈಸುಡುವ ಬಾಬತ್ತು. ಚಿಕ್ಕಮ್ಮನ ಹತ್ತಿರ ಇದ್ದದ್ದು ವಾಟ್ಸಾಪು. ಎರಡೂ ಸೇರಬಹುದಾದ ಜಾಗ ನಮ್ಮ ಮನೆ. "ಕಲ್ಯಾಣ ಜಂಕ್ಷನ್ ಆಗೇತಿ ನಮ್ಮ ಮನಿ," ಎನ್ನುತ್ತಿದ್ದರು ಅಪ್ಪ. "ನಾಸಿಕದ ಗಾಡಿನೂ ಇಲ್ಲೇ, ಪುಣೆದ ಗಾಡಿನೂ ಇಲ್ಲೇ. ಒಂದ್ ಕಪ್ ಚಾ ಮಾತ್ರ ಸಿಗವಲ್ದು."

ಧ್ವನಿಯನ್ನು ರೆಕಾರ್ಡ್ ಮಾಡಿ ಕಳಿಸಬಹುದಲ್ಲ ಎಂದು ನಾನು ಒಮ್ಮೆ ಹೇಳಿದ್ದೆ. ಮಾವನಿಗೆ ಅದು ಹಿಡಿಸಲಿಲ್ಲ. "ಅದು ಮಾತಲ್ಲ ಮಾರಾಯ, ಪಾರ್ಸೆಲ್. ಮಾತು ಬಿಸಿ ಇರುವಾಗ ಎದುರಿಗೇ ಬಡಿಸಬೇಕು." ಹಾಗಾಗಿ ಅವರ ಧ್ವನಿ ಈಗ ಯಾರ ಫೋನಿನಲ್ಲೂ ಇಲ್ಲ.

ಯಾರೂ ಹೇಳದ ಕಾರಣ ಹಳೆಯದು. ಅಜ್ಜ ಬೇಗ ಹೋದದ್ದರಿಂದ ಚಿಕ್ಕಮ್ಮನ ಮದುವೆಯಲ್ಲಿ ಧಾರೆ ಎರೆದುಕೊಟ್ಟದ್ದು ಮಾವ. ಆ ಗಂಡನ ಜೊತೆಗೇ ಅವಳು ಆಕ್ಲೆಂಡಿಗೆ ಹೋದಳು. ಕೆಲವು ವರ್ಷಕ್ಕೆ ಅವನನ್ನು ಬಿಟ್ಟಳು, ಆ ಊರನ್ನು ಬಿಡಲಿಲ್ಲ. ಮಾವ ಅವಳ ಜೊತೆ ಮಾತು ನಿಲ್ಲಿಸಿದರು. ಅವರನ್ನು ಮೆತ್ತಗೆ ಮಾಡಲು ಅಮ್ಮನಿಗೆ ಎಷ್ಟು ವರ್ಷ ಹಿಡಿಯಿತೋ. ಕೊನೆಗೆ ಅವರು ಒಪ್ಪಿಕೊಂಡ ಏರ್ಪಾಡು ಹೀಗಿತ್ತು: "ಅವಳು ನನಗೆ ಫೋನ್ ಮಾಡುವುದು ಬೇಡ. ನಾನು ನಿನಗೆ ಮಾಡ್ತೇನೆ. ಆ ಹೊತ್ತಿಗೆ ನಿನ್ನ ಮನೆಯಲ್ಲಿ ಬೇರೆ ಯಾರು ಮಾತಾಡ್ತಾ ಇದ್ದಾರೆ ಅಂತ ನಾನು ಯಾಕೆ ಕೇಳಲಿ?"

ಅಪ್ಪ ಎರಡು ಕರೆಗಳನ್ನು ಒಂದೇ ಫೋನಿನಲ್ಲಿ ಜೋಡಿಸಲು ನೋಡಿ ಸೋತರು. ದಾರಿ ಕಂಡುಹಿಡಿದವಳು ಅಮ್ಮ. ಹಿಟ್ಟು ನಾದುವ ಪರಾತದಲ್ಲಿ ಮಡಚಿದ ಟವೆಲು. ಅದರ ಮೇಲೆ ಎರಡು ಫೋನುಗಳು, ಒಂದರ ತಲೆಗೆ ಇನ್ನೊಂದರ ಕಾಲು ಬರುವ ಹಾಗೆ, ಎರಡರ ಸ್ಪೀಕರೂ ಜೋರಾಗಿ. ಅಮ್ಮನ ಫೋನಿನಲ್ಲಿ ಮಾವ, ನನ್ನ ಫೋನಿನಲ್ಲಿ ಚಿಕ್ಕಮ್ಮ. ಕಿಟಕಿಯ ಕೆಳಗೆ ಫಾಸ್ಟ್ ಗಾಡಿ ಹೋದರೆ ಇಬ್ಬರಿಗೂ ಏನೂ ಕೇಳುತ್ತಿರಲಿಲ್ಲವಾದ್ದರಿಂದ ಮೇಲೆ ಒಂದು ಬೋಗುಣಿ ಕವುಚಿ ಹಾಕುತ್ತಿದ್ದಳು. ಮಾವನಲ್ಲಿ ಬೆಳಗಿನ ತಿಂಡಿಯ ಹೊತ್ತು, ಚಿಕ್ಕಮ್ಮನಲ್ಲಿ ಸಂಜೆ, ನಮ್ಮಲ್ಲಿ ಅನ್ನಕ್ಕೆ ಇಡುವ ಸಮಯ.

"ಅವಳಿಗೆ ಹೇಳು, ಅಲ್ಲಿ ಈಗ ಚಳಿ ಅಲ್ವಾ, ಕಾಲಿಗೆ ಸಾಕ್ಸ್ ಹಾಕ್ಲಿ."

"ಅಣ್ಣನಿಗೆ ಹೇಳಕ್ಕ, ನನಗೆ ಪ್ರಾಯ ನಲವತ್ತು ಆಗ್ತಾ ಬಂತು, ಸಾಕ್ಸ್ ಹಾಕ್ಲಿಕ್ಕೆ ಬರ್ತದೆ ಅಂತ."

"ನಲವತ್ತು ಆದವರಿಗೆ ಕಾಲು ಇಲ್ವಾ ಅಂತ ಕೇಳು."

"ಕಾಲು ಉಂಟು. ನಿಂತುಕೊಳ್ಳಲಿಕ್ಕೆ ಅದೇ ಆದದ್ದು ಅಂತ ಹೇಳು."

ಅಮ್ಮ ಯಾರಿಗೂ ಏನನ್ನೂ ಹೇಳುತ್ತಿರಲಿಲ್ಲ. ಅವಳು ಅಲಸಂದೆ ಮುರಿಯುತ್ತ ಕೂತಿರುತ್ತಿದ್ದಳು. ಅಣ್ಣ ತಂಗಿಯರು ಒಬ್ಬರ ಮಾತು ಒಬ್ಬರು ನೇರವಾಗಿ ಕೇಳಿಸಿಕೊಳ್ಳುತ್ತ, ನಡುವೆ ಅಮ್ಮ ನಿಂತು ಸಾಗಿಸುತ್ತಿದ್ದಾಳೆ ಎಂಬ ನಂಬಿಕೆಯನ್ನು ಜೋಪಾನವಾಗಿ ಕಾಪಾಡಿಕೊಳ್ಳುತ್ತಿದ್ದರು. ಅಪ್ಪ ಪೇಪರು ಹಿಡಿದು ಬಾಗಿಲಿಗೆ ಬಂದು, "ಅಲ್ಲಾ, ನಿಮ್ಮಣ್ಣ ಬೋಗುಣ್ಯಾಗ ಕುಂತಾನೋ, ಕುದಿಯಾಕ ಹತ್ಯಾನೋ? ಒಂಚೂರು ಉಪ್ಪು ಹಾಕು," ಎಂದರೆ ಬೋಗುಣಿಯ ಕೆಳಗಿಂದ ಉತ್ತರ ಬರುತ್ತಿತ್ತು: "ಭಾವನಿಗೆ ಹೇಳು, ಅವರಿಗೆ ಬಿಪಿ ಉಂಟು, ಉಪ್ಪಿನ ವಿಷಯ ಅವರು ಮಾತಾಡ್ಲೇ ಬಾರದು."

ಒಂದು ತೊಡಕಿತ್ತು. ಎರಡು ದೇಶ ದಾಟಿ ಬರುವ ದನಿಗೆ ತಡವಾಗುತ್ತಿತ್ತು. ಚಿಕ್ಕಮ್ಮ ಏನಾದರೂ ಉದ್ದಕ್ಕೆ ಹೇಳಿದರೆ ಅತ್ತಲಿಂದ ಸದ್ದೇ ಇಲ್ಲ. ಅವಳು ತಕ್ಷಣ "ಹಲೋ, ಹಲೋ" ಎಂದು ಶುರು ಮಾಡುವಳು. ಅದು ಮಾವನಿಗೆ ತಡವಾಗಿ ಮುಟ್ಟಿ ಅವರೂ "ಹಲೋ, ಹಲೋ". ಅರ್ಧ ಮಾತುಕತೆ ಇದರಲ್ಲೇ ಹೋಗುತ್ತಿತ್ತು. ಅಮ್ಮನ ತವರಿನಲ್ಲಿ ಕತೆ ಹೇಳುವವರ ಎದುರು ಒಬ್ಬರು ಹೂಂಗುಟ್ಟಲೇಬೇಕು. ಹೂಂ ನಿಂತರೆ ಕತೆ ನಿಂತಿತು. ಮಾವನಿಗೆ ಮಾತ್ರ ಆ ಅಭ್ಯಾಸ ಇರಲಿಲ್ಲ. ಅವರು ಸುಮ್ಮನೆ ಕೇಳುವವರು. ಆದ್ದರಿಂದ ಅಮ್ಮ ಬೋಗುಣಿಯ ಅಂಚನ್ನು ಒಂದು ಬೆರಳಿನಿಂದ ಎತ್ತಿ, ಒಲೆಗೆ ಸೌದೆ ನೂಕುವ ಹಾಗೆ, ಆಗಾಗ ಒಂದು ಹೂಂ ಒಳಗೆ ನೂಕುತ್ತಿದ್ದಳು. ಚಿಕ್ಕಮ್ಮನ ಮಾತು ಉರಿಯುತ್ತಿತ್ತು. "ನೀನು ಸ್ವಲ್ಪ ಹೂಂ ಹೇಳು, ನಾನು ಒಗ್ಗರಣೆ ಹಾಕಿ ಬಂದೆ," ಎಂದು ಅಮ್ಮ ಎದ್ದರೆ ನಾನು ಕೂರುತ್ತಿದ್ದೆ. ಆ ಹೂಂ ಯಾರದು ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದ ಸಂಗತಿ ಎಂದು ಯಾರಿಗೂ ಅನಿಸಿರಲಿಲ್ಲ.

ಈಗ ಆ ದಿನ. ಇದನ್ನು ಎಷ್ಟೋ ಸಲ ಬರೆದು ಹರಿದಿದ್ದೇನೆ. ಪ್ರತಿ ಸಲವೂ ಅದು ಇನ್ನಷ್ಟು ಚೆಂದವಾಗುತ್ತ ಹೋಗುತ್ತದೆ, ಅದೇ ಅದರ ಮೇಲಿನ ಅನುಮಾನಕ್ಕೆ ಸಾಕು.

ಚಿಕ್ಕಮ್ಮನಿಗೆ ಅಲ್ಲಿಯೇ ಒಬ್ಬರು ಸಿಕ್ಕಿದ್ದರು. ಮೈಸೂರಿನವರು, ಹೆಂಡತಿಯನ್ನು ಕಳೆದುಕೊಂಡವರು. ಮದುವೆ ಇಲ್ಲಿ ಬಂದು ಆಗಬೇಕು, ಅಣ್ಣನೇ ಧಾರೆ ಎರೆಯಬೇಕು ಎಂಬುದು ಅವಳ ಆಸೆ. ಅಮ್ಮ ಮೊದಲೇ ಮಾವನ ಕಿವಿಗೆ ಹಾಕಿ ನೋಡಿದ್ದಳು. "ಒಮ್ಮೆ ಬಿಟ್ಟ ನೀರನ್ನು ಮತ್ತೆ ಕೈಯಲ್ಲಿ ತುಂಬಿಕೊಳ್ಳಲಿಕ್ಕೆ ಆಗ್ತದಾ?" ಎಂದಿದ್ದರು ಮಾವ. "ಆ ಸುದ್ದಿ ತೆಗೆದರೆ ನಾನು ಫೋನ್ ಇಡುವವನೇ." ಆಮೇಲಿನ ಶನಿವಾರಗಳಲ್ಲಿ ಹವೆ, ಸಾಕ್ಸು, ಮೀನಿನ ದರ, ಎಲ್ಲವೂ ಬಂತು, ಅದೊಂದು ಬರಲಿಲ್ಲ.

ಆ ದಿನ ಅವಳು "ಅಣ್ಣನಿಗೆ ಹೇಳಕ್ಕ" ಎನ್ನಲಿಲ್ಲ. "ಅಣ್ಣ," ಎಂದಳು.

ಅಮ್ಮನ ಕೈ ಅಲ್ಲಿಗೇ ನಿಂತಿತು ಎಂದು ಬರೆಯಲು ನನ್ನ ಕೈ ತುರಿಸುತ್ತದೆ. ನಾನು ಅಮ್ಮನ ಕೈ ನೋಡುತ್ತಿರಲಿಲ್ಲ.

"ಅಣ್ಣ, ಒಂದು ಕೇಳ್ತೇನೆ. ನೀನು ಬಂದು ಧಾರೆ ಎರೆದು ಕೊಡ್ತೀಯಾ? ಬೇರೆ ಯಾರು ಎರೆದರೂ ನನಗೆ ಮದುವೆ ಆದ ಹಾಗೆ ಅನಿಸುವುದಿಲ್ಲ."

ಆಗಲೇ ಕೆಳಗೆ ಗಾಡಿ ಬಂತು. ಠಾಕುರ್ಲಿಯಲ್ಲಿ ನಿಲ್ಲದ ಗಾಡಿ. ಕಿಟಕಿಯ ಗಾಜು, ಸಿಂಕಿನ ಪಕ್ಕದ ಲೋಟಗಳು, ಪರಾತ, ಎಲ್ಲ ಅದುರಿದವು. ಗಾಡಿಯ ಬಾಲ ಇನ್ನೂ ಎಳೆಯುತ್ತಿರುವಾಗ ಒಂದು ಹೂಂ ಕೇಳಿಸಿತು. ಒಂದೇ. ತಗ್ಗಿನ ದನಿಯದು, ಎರಡನೆಯ ಸಲ ಹೇಳುವ ಅಗತ್ಯವಿಲ್ಲ ಎಂಬಂಥದು.

ಚಿಕ್ಕಮ್ಮ ಅಳತೊಡಗಿದಳು. "ಕೇಳಿತಾ ಅಕ್ಕ? ನಿನಗೂ ಕೇಳಿತಾ?" ಅಮ್ಮ ಬೋಗುಣಿ ಎತ್ತಿದಳು. ನನ್ನ ಫೋನಿನಲ್ಲಿ ಚಿಕ್ಕಮ್ಮ ಅಳುತ್ತಿದ್ದಳು. ಅಮ್ಮನ ಫೋನಿನ ಪರದೆ ಕಪ್ಪಾಗಿತ್ತು. ಮಾವನ ಕರೆ ಕಡಿದಿತ್ತು. ಅದೇನೂ ಹೊಸದಲ್ಲ, ಲೈನು ಹಾಗೆ ಹೋಗುತ್ತಲೇ ಇರುತ್ತಿತ್ತು. ತಿರುಗಿ ಮಾಡಿದರೆ ಅವರು ಎತ್ತಲಿಲ್ಲ. ಡ್ಯೂಟಿಗೆ ಹೋಗಿರಬೇಕು, ಮುಂದಿನ ವಾರ ಎಲ್ಲ ಮಾತಾಡಿದರಾಯಿತು ಎಂದಳು ಅಮ್ಮ.

ಮುಂದಿನ ವಾರ ಬರುವ ಮೊದಲು ಮಾವ ತೀರಿಕೊಂಡರು. ಮಲಗಿದವರು ಏಳಲಿಲ್ಲ. ಸುದ್ದಿ ಹೇಳಲು ಫೋನ್ ಮಾಡಿದ್ದು ಅವರ ಕೋಣೆಯಲ್ಲಿದ್ದ ಒಬ್ಬ ಮಲಯಾಳಿ. ಅವನ ಹಿಂದಿ ತಡವರಿಸುತ್ತಿತ್ತು. ಅವನು ಒಂದೊಂದೇ ವಾಕ್ಯವನ್ನು ಜೋಡಿಸಿಕೊಂಡು ಹೇಳುತ್ತ ಹೋದ ಹಾಗೆ ಅಮ್ಮ ಪ್ರತಿ ವಾಕ್ಯಕ್ಕೂ ಹೂಂ ಎನ್ನುತ್ತಿದ್ದಳು. ಬೆಳಿಗ್ಗೆ ಎಬ್ಬಿಸಲು ಹೋದೆ. ಹೂಂ. ಮೈ ತಣ್ಣಗಿತ್ತು. ಹೂಂ. ಆಸ್ಪತ್ರೆಯವರು ಬಂದರು. ಹೂಂ. ನಾನು ಎದುರಿಗೆ ನಿಂತಿದ್ದೆ, ಅವಳ ಮುಖದಿಂದ ನನಗೆ ಏನೂ ತಿಳಿಯಲಿಲ್ಲ. ಪಕ್ಕದ ಮನೆಯಲ್ಲಿ ಮಗುವಾಯಿತೋ, ಯಾರದೋ ಮನೆ ಮಾರಾಟವಾಯಿತೋ ಎಂಬ ಸುದ್ದಿ ಕೇಳುತ್ತಿರುವ ಹಾಗಿತ್ತು. ಆ ಕಡೆಯವನು ಫೋನಿಟ್ಟ ಮೇಲೂ ಅವಳು ಇನ್ನೊಂದು ಹೂಂ ಅಂದಳು. ಆಮೇಲೆ ನೆಲದ ಮೇಲೆ ಕೂತಳು.

ಈ ಭಾಗ ಮಾತ್ರ ನಿಜ ಎಂದು ನಂಬುತ್ತೇನೆ. ಅಮ್ಮನಿಗೆ ಇದು ನೆನಪೇ ಇಲ್ಲ. "ನಾನು ಕೂಗಿ ಬಿದ್ದೆ," ಎನ್ನುತ್ತಾಳೆ.

ಅಂದಿನಿಂದ ಚಿಕ್ಕಮ್ಮನದು ಒಂದೇ ಮಾತು: "ಅಣ್ಣ ಹೂಂ ಅಂದು ಹೋದ." ಊರಿನವರಿಗೆ ಹೇಳಿದಳು, ಮದುವೆಯಾಗುವವರಿಗೆ ಹೇಳಿದಳು, ವರ್ಷ ಕಳೆದ ಮೇಲೆ ನಮ್ಮ ಕಡೆಯ ವಾಶಿಯ ಒಂದು ಸಣ್ಣ ಛತ್ರದಲ್ಲಿ ಮದುವೆ ನಡೆದಾಗ ಪುರೋಹಿತರಿಗೂ ಹೇಳಿದಳು. ಕನ್ಯೆಯ ಕಡೆಯಿಂದ ಧಾರೆ ಎರೆಯುವವರು ಯಾರು ಎಂದು ಅವರು ಕೇಳಿದ್ದರು. "ಅಣ್ಣ ಒಪ್ಪಿದ್ದಾನೆ. ಅವನ ಪರವಾಗಿ ಭಾವ ಎರೀತಾರೆ," ಎಂದಳು. ಅಪ್ಪ, ಅಮ್ಮ ಮುಂದೆ ಬಂದು ಕೂತರು. ಅಪ್ಪನಿಗೆ ಗಿಂಡಿ ಹಿಡಿಯಲು ಬರುತ್ತಿರಲಿಲ್ಲ, ನೀರು ಅರ್ಧ ಪಂಚೆಯ ಮೇಲೆ ಹೋಯಿತು. ಚಿಕ್ಕಮ್ಮ ನಗುತ್ತಿದ್ದಳು. ಅಷ್ಟು ಹಗುರವಾಗಿ ಅವಳು ನಕ್ಕದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಊಟವಾದ ಮೇಲೆ ಛತ್ರದ ಹೊರಗೆ ನಿಂತು ಅಪ್ಪ ನನಗೆ ಹೇಳಿದರು: "ನೀರು ಎರದೀನಿ. ಸಾಕ್ಷಿ ಹೇಳಿಲ್ಲ ನೋಡು."

"ಅಂದರೆ?"

"ಗಾಡಿ ಬರೂಕಿಂತ ಮೊದಲ ಲೈನ್ ಹೋಗಿತ್ತು. ನಾ ಬಾಗಿಲದಾಗ ನಿಂತಿದ್ದೆ. ನಿಮ್ಮವ್ವ ಬೋಗುಣಿ ಅಂಚು ಎತ್ತಿದ್ಲಲ, ಒಳಗ ಒಂದ ಫೋನಿನ ಬೆಳಕು ಇತ್ತು. ಎರಡಲ್ಲ."

"ಹಾಗಾದರೆ ಹೂಂ ಅಂದದ್ದು ಯಾರು?"

"ನನಗೇನ ಗೊತ್ತು. ನಿಮ್ಮ ಮನಿಯೊಳಗ ಹೂಂ ಅನ್ನೋರಿಗೇನ್ ಕಡಿಮಿ?"

ಅಪ್ಪನ ಮಾತಿಗೆ ತೂಕ ಕೊಡಬೇಕೋ ಬೇಡವೋ. ಪರದೆಯ ಬೆಳಕು ಕರೆ ನಡೆಯುತ್ತಿರುವಾಗಲೂ ಆರುತ್ತದೆ. ಅವರು ಬಾಗಿಲಲ್ಲಿ ನಿಂತಿದ್ದರೆಂಬುದೂ ನನಗೆ ನೆನಪಿಲ್ಲ. ನನ್ನ ನೆನಪಿನ ಬಾಗಿಲು ಖಾಲಿ. ಅಮ್ಮನನ್ನು ಕೇಳಿದರೆ, "ಅಣ್ಣನೇ ಹೂಂ ಅಂದದ್ದು. ನಾನು ಕಟ್ಟೆಯ ಹತ್ತಿರವೇ ಇರಲಿಲ್ಲ, ಬಾಲ್ಕನಿಯಲ್ಲಿ ಬಟ್ಟೆ ತೆಗೀತಾ ಇದ್ದೆ," ಎನ್ನುತ್ತಾಳೆ. ಹಾಗಾದರೆ ಬೋಗುಣಿಯ ಅಂಚನ್ನು ಎತ್ತಿದ ಬೆರಳು ಯಾರದು? ನನಗೆ ಒಂದು ಬೆರಳು ಕಾಣುತ್ತದೆ, ಅರಿಶಿನದ ಗೀಟು ಇರುವ ಉಗುರು. ಆದರೆ ಅರಿಶಿನದ ಉಗುರು ಅಮ್ಮನ ಕೈಯಲ್ಲಿ ದಿನವೂ ಇರುತ್ತಿತ್ತು. ಯಾವ ದಿನದ್ದನ್ನು ಎತ್ತಿ ಈ ದಿನಕ್ಕೆ ಅಂಟಿಸಿಕೊಂಡಿದ್ದೇನೋ. ಚಿಕ್ಕಮ್ಮನಂತೂ ಉಸಿರನ್ನೂ ಕೇಳಿದ್ದಾಳೆ. ಅಣ್ಣ ಮೂಗಿನಿಂದ ಒಮ್ಮೆ ಉಸಿರು ಬಿಟ್ಟ, ಆಮೇಲೆ ಹೂಂ ಅಂದ, ಅಡಗಿಸಿಕೊಂಡ ಅಳು ಅದರಲ್ಲಿತ್ತು. ಒಂದು ಗಾಡಿ, ಒಂದು ಬೋಗುಣಿ, ಎರಡು ಸಮುದ್ರ ದಾಟಿ ಆ ಉಸಿರು ಅವಳಿಗೆ ಹೇಗೆ ಮುಟ್ಟಿತು ಎಂದು ನಾನು ಕೇಳಿಲ್ಲ. ಇನ್ನೊಂದು ಸಾಧ್ಯತೆಯೂ ಇದೆ. ಫೋನುಗಳು ಹಾಗೆ ಒತ್ತಿಕೊಂಡು ಇದ್ದಾಗ ಮಾತಾಡಿದವರ ದನಿ ಕೆಲವೊಮ್ಮೆ ಸುತ್ತಿಕೊಂಡು, ದಪ್ಪವಾಗಿ, ಅವರಿಗೇ ತಿರುಗಿ ಬರುತ್ತಿತ್ತು. ಅವಳು ಬಿಟ್ಟ ನಿಟ್ಟುಸಿರೇ ಅವಳಿಗೆ ಅಣ್ಣನಾಗಿ ಹಿಂದಿರುಗಿರಬಹುದು.

ಬೋಗುಣಿಯನ್ನು ಅಮ್ಮ ಮತ್ತೆ ಬಳಸಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಅವತ್ತೇ ಮಧ್ಯಾಹ್ನ ಅದರಲ್ಲಿ ಸಾರು ಕುದಿಯಿತು, ನಾವು ಉಂಡೆವು.

ಆದರೆ ಮನೆಯಲ್ಲಿ ಏನೋ ಉಳಿದುಕೊಂಡಿತು. ಅಮ್ಮ ಒಬ್ಬಳೇ ಅಡುಗೆಮನೆಯಲ್ಲಿರುವಾಗ ಹೂಂ ಎನ್ನುತ್ತಾಳೆ. ಯಾವುದೋ ಉದ್ದದ ಮಾತನ್ನು ಯಾರೋ ಹೇಳುತ್ತಿರುವ ಹಾಗೆ, ಬಿಟ್ಟು ಬಿಟ್ಟು, ಸರಿಯಾದ ಅಂತರದಲ್ಲಿ. ಮೊದಲ ಸಲ ಕೇಳಿದಾಗ ಅಪ್ಪ ಒಳಗೆ ಹೋಗಿ ನೋಡಿ ಬಂದರು.

"ಯಾರಿಗೆ ಹೂಂ ಅಂತಿ?"

"ನಾನೆಲ್ಲಿ ಹೇಳಿದೆ? ನಿಮಗೆ ಕಿವಿ ಮಂದ ಆಗಿದೆ."

"ಮಂದ ಆದ್ರ ಕಡಿಮಿ ಕೇಳಬೇಕು. ನನಗ ಹೆಚ್ಚು ಕೇಳಾಕ ಹತ್ತೇತಿ."

ಅವಳು ನಕ್ಕಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೂಂ. ಆ ಅಂತರಗಳಲ್ಲಿ ಯಾರು ಮಾತಾಡುತ್ತಿರಬಹುದು ಎಂದು ನಾನು ಕಿವಿಗೊಟ್ಟು ಕೂತದ್ದುಂಟು. ಮಿಕ್ಸರಿನ ಸದ್ದು, ನಲ್ಲಿ, ಪಕ್ಕದ ಮನೆಯ ಮರಾಠಿ ಧಾರಾವಾಹಿ. ಮಾತು ಯಾವುದೂ ಇಲ್ಲ. ಆದರೂ ಹೂಂ ತಪ್ಪು ಜಾಗದಲ್ಲಿ ಬರುತ್ತಿರಲಿಲ್ಲ. ಆಲಿಸುತ್ತ ಆಲಿಸುತ್ತ ಆ ಮಾತಿನ ಉದ್ದ ನನಗೂ ತಿಳಿಯತೊಡಗಿತು. ಇನ್ನೇನು ಬರುತ್ತದೆ ಎಂದುಕೊಂಡಾಗ ಬಂದೇ ಬರುತ್ತಿತ್ತು. ನಾನು ಎದ್ದು ಪಕ್ಕದ ಡೊಂಬಿವಲಿಯ ಕಡೆಗೆ ನಡೆದುಬಿಡುತ್ತಿದ್ದೆ. ಸ್ಟೇಷನ್ನಿನ ಜನಜಂಗುಳಿಯಲ್ಲಿ ಒಬ್ಬೊಬ್ಬರೂ ಫೋನು ಹಿಡಿದು ಹಾಂ ಬೋಲ್, ಹಾಂ, ಹಾಂ ಎನ್ನುತ್ತಿದ್ದರು. ಅಷ್ಟು ಜನ ಯಾರಿಗೋ ಹೂಂಗುಟ್ಟುತ್ತ ಸೇತುವೆ ಹತ್ತುವುದನ್ನು ನೋಡಿ ಮನೆಯೇ ವಾಸಿ ಎನಿಸಿ ಹಿಂದಿರುಗುತ್ತಿದ್ದೆ.

ಆಮೇಲೆ ಐರೋಲಿಯ ಆಫೀಸು. ಬೇರೆ ದೇಶದ ಗಿರಾಕಿಗಳ ಜೊತೆ ಕರೆಯಲ್ಲಿ ಕೂರುವುದು ನನ್ನ ಕೆಲಸ. ಕರೆಗಳನ್ನು ರೆಕಾರ್ಡ್ ಮಾಡುತ್ತಾರೆ. ಒಂದು ದಿನ ಹೊಸಬರಿಗೆ ಕೇಳಿಸಲೆಂದು ಹಳೆಯದೊಂದನ್ನು ಹಚ್ಚಿದ್ದರು. ಗಿರಾಕಿ ತನ್ನ ತಕರಾರನ್ನು ಉದ್ದಕ್ಕೆ ಹೇಳುತ್ತಿದ್ದ. ಅವನ ಮಾತಿನ ಸಂದಿಗಳಲ್ಲಿ ಒಂದು ತಗ್ಗಿನ ಹೂಂ. ಅದು ಮಾವನ ಗಂಟಲು, ಸಂದೇಹವೇ ಇಲ್ಲ.

ನಡುವೆ ಇರುವುದು ಯಾರು ಎಂದು ಪಕ್ಕದಲ್ಲಿದ್ದವನನ್ನು ಕೇಳಿದೆ: "ಯೇ ಬೀಚ್ ಮೇ ಕೌನ್ ಹೈ?"

"ಕೌನ್ ಮತಲಬ್? ತೂ ಹೀ ಹೈ. ಇತ್ನಾ ಹೂಂ ಹೂಂ ಔರ್ ಕೌನ್ ಕರ್ತಾ ಹೈ ಯಹಾಂ?"

ನೀನೇ, ಇಷ್ಟು ಹೂಂ ಇಲ್ಲಿ ಇನ್ಯಾರು ಅಂತಾರೆ ಎಂದು ಅವನು ನಕ್ಕ. ಎಲ್ಲರಿಗೂ ಗೊತ್ತಿದ್ದ ಸಂಗತಿ, ನನಗೊಬ್ಬನಿಗೆ ಗೊತ್ತಿರಲಿಲ್ಲ. ಸೋದರಮಾವನ ಕಂಠ ಅಳಿಯನಿಗೆ ಬರುತ್ತದೆ ಎಂದು ಅಮ್ಮನ ಕಡೆಯವರು ಹೇಳುವುದನ್ನು ಕೇಳಿದ್ದೆ. ಅದು ನನ್ನಲ್ಲಿ ಹೀಗೆ, ನನಗೇ ಹೇಳದೆ ಬಂದು ಕೂತಿದೆ ಎಂದು ತಿಳಿದಿರಲಿಲ್ಲ. ಆ ಧ್ವನಿಮುದ್ರಣದಲ್ಲಿ ಅಷ್ಟು ಸಲ ಹೂಂ ಎಂದಿದ್ದೇನೆ. ಒಂದನ್ನೂ ಅಂದ ನೆನಪಿಲ್ಲ.

ಅಲ್ಲಿಂದ ಮುಂದೆ ಅಡುಗೆಮನೆಯ ಆ ದಿನಕ್ಕೆ ನಾನು ಹಿಂದಿರುಗಿದಾಗಲೆಲ್ಲ ನನ್ನನ್ನೇ ಅಲ್ಲಿ ಹುಡುಕುತ್ತೇನೆ. ಅಮ್ಮ ಬಾಲ್ಕನಿಗೆ ಹೋಗಿದ್ದರೆ ಕಟ್ಟೆಯ ಹತ್ತಿರ ಇದ್ದವನು ನಾನು. ನನ್ನ ಬಾಯಿ ಮುಚ್ಚಿತ್ತೇ ತೆರೆದಿತ್ತೇ ಎಂದು ನೋಡಲು ಹೋಗುತ್ತೇನೆ, ಆದರೆ ನೆನಪಿನಲ್ಲಿ ನನಗೆ ನನ್ನ ಮುಖ ಕಾಣುವುದಿಲ್ಲ. ಯಾರಿಗೂ ಕಾಣುವುದಿಲ್ಲ ಅಲ್ಲವೇ.

ಹೋದ ವರ್ಷ ಚಿಕ್ಕಮ್ಮ ಒಂದು ಕಾರ್ಯಕ್ಕೆಂದು ಉಡುಪಿಗೆ ಬಂದಿದ್ದಳು. ಅಲ್ಲಿ ಅತ್ತೆ, ಮಾವನ ಹೆಂಡತಿ, ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಪಂಕ್ತಿಯ ನಡುವೆ ಹೇಳಿಬಿಟ್ಟರಂತೆ. "ಅವರು ಒಪ್ಪಿದ್ದರು ಅಂತ ಊರೆಲ್ಲ ಹೇಳ್ತಾ ಬಂದಿದ್ದೀಯಲ್ಲ. ಅವತ್ತು ಮಧ್ಯಾಹ್ನ ನನಗೆ ಫೋನ್ ಮಾಡಿದ್ದರು. ಠಾಕುರ್ಲಿಗೆ ಮಾಡಿದ್ದೆ, ಅವಳು ಎಂತದೋ ಶುರು ಮಾಡಿದ್ಳು, ಅಷ್ಟರಲ್ಲಿ ಲೈನ್ ಹೋಯ್ತು ಅಂದ್ರು. ಅಷ್ಟೇ." ಅತ್ತೆಗೆ ಆ ಮದುವೆಯ ಮೇಲೆ ಸಿಟ್ಟಿತ್ತು. ಸಿಟ್ಟಿದ್ದವರು ಸುಳ್ಳು ಹೇಳುತ್ತಾರೆ ಎಂದಲ್ಲ.

ಚಿಕ್ಕಮ್ಮ ಆಕ್ಲೆಂಡಿಗೆ ಮರಳಿದ ಮೇಲೆ ನನಗೆ ನೇರವಾಗಿ ಫೋನ್ ಮಾಡಿದಳು. ಐರೋಲಿಯಲ್ಲಿ ಊಟದ ಬಿಡುವು, ನಾನು ಆಫೀಸಿನ ಹೊರಗೆ ಚಹಾದ ಗಾಡಿಯ ಹತ್ತಿರ ನಿಂತಿದ್ದೆ.

"ನಿನ್ನ ಅಮ್ಮನನ್ನು ಕೇಳುವುದಿಲ್ಲ. ನನ್ನ ಮೇಲಿನ ಪ್ರೀತಿಗೆ ಅವಳು ಎಂತ ಬೇಕಾದರೂ ಹೇಳ್ತಾಳೆ. ನೀನು ಅಲ್ಲೇ ಇದ್ದಿ. ಅಣ್ಣನೇ ಹೂಂ ಅಂದದ್ದಾ?"

ನಾನು ಹೇಳಿದೆ: "ನನಗೆ ಗೊತ್ತಿಲ್ಲ ಚಿಕ್ಕಮ್ಮ. ಅದು ನನ್ನ ದನಿಯೂ ಆಗಿರಬಹುದು."

ಈಗಿನ ಕರೆಗಳಲ್ಲಿ ಆ ಹಳೆಯ ತಡ ಇಲ್ಲ. ಆದ್ದರಿಂದ ಆಮೇಲಿನ ಮೌನ ಪೂರ್ತಿಯಾಗಿ ಅವಳದ್ದೇ. ಅದರೊಳಕ್ಕೆ ಏನನ್ನೂ ಹಾಕದೆ ನಿಲ್ಲುವುದು ಎಷ್ಟು ಕಷ್ಟ ಎಂದು ನನಗೆ ಆಗ ಗೊತ್ತಾಯಿತು.

"ಹಾಗಾದರೆ ನಾನು ನಿನ್ನನ್ನು ಕೇಳಿ ಮದುವೆ ಆದದ್ದಾ ಮಾರಾಯ?" ಎಂದು ಅವಳು ನಕ್ಕಳು. ನಗು ಬೇಗ ಮುಗಿಯಿತು. "ನೀನು ಹೇಳಿದ್ದು ಹೌದಾ, ಅಲ್ವಾ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದರೆ ಎಂತ? ನಿನ್ನ ಬಾಯಿ ಅಲ್ವಾ?"

"ನನ್ನ ಬಾಯಿಯೇ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಹೇಳಲಿಕ್ಕೆ ಇದ್ದದ್ದಾದರೂ ಎಂತ? ಇದೂ ಗೊತ್ತಿರಲಿಲ್ಲ."

ಅವಳ ಕಡೆ ಯಾರೋ ಪಾತ್ರೆ ಜೋಡಿಸುತ್ತಿದ್ದರು, ಅವಳ ಗಂಡ ಇರಬೇಕು. ಅವಳು ದೂರ ಸರಿದು ಬಂದ ಹಾಗೆ ದನಿ ಹತ್ತಿರವಾಯಿತು.

"ಹೋಗಲಿ, ಹೂಂ ಯಾರದಾದರೂ ಆಗಲಿ. ಲೈನ್ ಹೋಗುವ ಮೊದಲು ನನ್ನ ಪ್ರಶ್ನೆ ಅಣ್ಣನಿಗೆ ಮುಟ್ಟಿತಾ ಇಲ್ವಾ? ಅದನ್ನಾದರೂ ಹೇಳು. 'ಅಣ್ಣ' ಅಂತ ಕರೆದದ್ದಾದರೂ ಮುಟ್ಟಿತಾ? ಎಷ್ಟು ವರ್ಷದ ನಂತರ ಕರೆದದ್ದು, ಗೊತ್ತುಂಟಾ ನಿನಗೆ?"

ನಮ್ಮ ಮನೆಯಲ್ಲಿ ಇಷ್ಟು ಕಾಲ ಉತ್ತರ ಯಾರದು ಎಂದು ತಲೆ ಕೆಡಿಸಿಕೊಂಡಿದ್ದೆವು. ಪ್ರಶ್ನೆ ಹೋಗಿ ತಲುಪಿತೇ ಎಂದು ಒಬ್ಬರೂ ಯೋಚಿಸಿರಲಿಲ್ಲ. ಅವಳು ಸ್ವಲ್ಪ ಕಾದಳು. ಆಮೇಲೆ ಬೇರೆ ದನಿಯಲ್ಲಿ, ಊಟ ಮಾಡಿದೆಯಾ, ಬರೀ ಚಹಾ ಕುಡಿದು ಮಧ್ಯಾಹ್ನ ಕಳೀಬೇಡ, ಅಮ್ಮನಿಗೆ ಇದನ್ನೆಲ್ಲ ಹೇಳಲಿಕ್ಕೆ ಹೋಗಬೇಡ ಎಂದು ಹೇಳಿ ಇಟ್ಟಳು. ಆಮೇಲೂ ಅವಳು ಫೋನ್ ಮಾಡುತ್ತಾಳೆ. ಇದನ್ನು ಮತ್ತೆ ಕೇಳಿಲ್ಲ. "ಅಣ್ಣ ಹೂಂ ಅಂದು ಹೋದ" ಎಂಬ ಮಾತನ್ನೂ ಅವಳ ಬಾಯಿಂದ ಮತ್ತೆ ಕೇಳಿಲ್ಲ.

ಮಾವ ಆ ಮಧ್ಯಾಹ್ನ ಅತ್ತೆಗೆ ಫೋನ್ ಮಾಡಿದರು, ನಮಗೆ ತಿರುಗಿ ಮಾಡಲಿಲ್ಲ. ಏನೂ ಕೇಳಿಸದ್ದರಿಂದ ಮಾಡಲಿಲ್ಲವೋ, ಎಲ್ಲ ಕೇಳಿಸಿದ್ದರಿಂದಲೇ ಮಾಡಲಿಲ್ಲವೋ, ಲೈನು ತಾನಾಗಿ ಹೋಯಿತೋ ಅವರೇ ಇಟ್ಟರೋ, ಮುಂದಿನ ಶನಿವಾರಕ್ಕೆ ಏನು ಹೇಳಬೇಕೆಂದು ಅಂದುಕೊಂಡಿದ್ದರೋ, ನನಗೆ ಗೊತ್ತಿಲ್ಲ. ಗೊತ್ತಿರುವವರು ಯಾರೂ ಇಲ್ಲ.